ಗರಿಕೆಗೆ ಕಳೆ ಅನ್ನೋ ಊರಲ್ಲಿ

ಹೋದ ಶನಿವಾರ ಬೆಳಗ್ಗೆ ಲಾನಿನಲ್ಲಿ ಮಂಡಿಯೂರಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಏನೋ ಹುಡುಕ್ತಾ ಇದ್ದೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಅಜ್ಜ ಇಣುಕಿ ‘ಏನು ಕಳ್ಕೊಂಡೆ?’ ಅಂತ ಕೇಳಿದರು. ಅವರಿಗೆ ಕನ್ನಡ ಬರೋ ಹಾಗಿದ್ದರೆ ‘ಕಳೆದದ್ದೇನೂ ಇಲ್ಲ ಅಜ್ಜ, ಕಳೆಯನ್ನೇ ಹುಡುಕ್ತಿದೀನಿ’ ಅನ್ನಬಹುದಿತ್ತು. ಇಂಗ್ಲಿಷಿನಲ್ಲಿ ಆ ಮಜಾ ಇಲ್ಲ, ಬಿಡಿ.

ಹುಡುಕ್ತಾ ಇದ್ದದ್ದು ಓನೆಹುಂಗಾ ವೀಡ್ ಅನ್ನೋ ಕಳೆಯನ್ನ. ಆಕ್ಲೆಂಡಿನದೇ ಒಂದು ಬಡಾವಣೆಯ ಹೆಸರು ಇದಕ್ಕೆ ಅಂಟಿಕೊಂಡಿದೆ ಅಷ್ಟೇ, ತವರು ದಕ್ಷಿಣ ಅಮೆರಿಕ. ನಮ್ಮ ಹಾಗೇ ಇದೂ ವಲಸೆ ಬಂದದ್ದು! ಶರತ್ಕಾಲದಲ್ಲಿ ಮೊಳೆತು, ಚಳಿಗಾಲವಿಡೀ ನೆಲಕ್ಕಂಟಿಕೊಂಡು ಕೊತ್ತಂಬರಿ ಮರಿಯ ಥರ ಪಾಪದ ಮುಖ ಮಾಡಿಕೊಂಡಿರುತ್ತೆ. ವಸಂತದಲ್ಲಿ ಹೂವು, ಆಮೇಲೆ ಬೀಜ. ಒಂದೊಂದು ಬೀಜಕ್ಕೂ ಒಂದೊಂದು ಮುಳ್ಳು. ಬೇಸಿಗೆಗೆ ಗಿಡ ಒಣಗಿ ಸಾಯುತ್ತೆ, ಮುಳ್ಳು ಮಾತ್ರ ಹುಲ್ಲಿನೊಳಗೆ ಕಾಯ್ತಾ ಇರುತ್ತೆ.

ನ್ಯೂಜಿಲೆಂಡಿನಲ್ಲಿ ಮಕ್ಕಳು ಬರಿಗಾಲಲ್ಲೇ ಓಡಾಡೋದು ನಿಮಗೆ ಗೊತ್ತಿರಬಹುದು. ಅಂಗಡಿಗೂ ಬರಿಗಾಲಲ್ಲೇ ಬರ್ತಾರೆ. ನಾವು ಹೆಂಡರ್ಸನ್ನಿನ ಈ ಮನೆಗೆ ಬಂದ ಮೊದಲ ಡಿಸೆಂಬರಿನಲ್ಲಿ ಮಗಳು ಚೆಂಡಿನ ಹಿಂದೆ ಓಡಿದವಳು ಲಾನಿನ ನಡುವೆ ನಿಂತು ಕಿರುಚಿಕೊಂಡಳು. ಮುಂದೆ ಬರೋ ಹಾಗಿಲ್ಲ, ಹಿಂದೆ ಹೋಗೋ ಹಾಗಿಲ್ಲ. ಎತ್ತಿಕೊಂಡು ಬಂದು ಅವಳ ಅಂಗಾಲಿನಿಂದ ಮುಳ್ಳು ತೆಗೆಯೋಕೆ ನನ್ನಾಕೆಗೆ ಅರ್ಧ ಗಂಟೆ ಹಿಡೀತು. ನಾನು ಸಿಟ್ಟಿನಲ್ಲಿ ಅಂಗಡಿಗೆ ಹೋಗಿ ಕಳೆನಾಶಕ ತಂದೆ. ಅಜ್ಜ ನಕ್ಕರು. ‘ಚುಚ್ಚಿದ ಮೇಲೆ ಹೊಡೆದು ಏನುಪಯೋಗ? ಬೀಜ ಆಗಲೇ ಬಿದ್ದಾಯ್ತು. ಅದು ಚುಚ್ಚದೇ ಇರೋವಾಗ ಹೊಡಿ.’ ಅಂದರೆ ಚಳಿಗಾಲದಲ್ಲಿ, ಇಲ್ಲಾ ಹೂ ಬಿಡೋ ಮುಂಚೆ, ವಸಂತದ ಶುರುವಿನಲ್ಲಿ.

ಮುಂದಿನ ವರ್ಷ ಆಗಸ್ಟಿನಲ್ಲಿ ಹಾಗೇ ಮಾಡಿದೆ. ತಂದದ್ದು ಕ್ಲೋಪೈರಾಲಿಡ್ ಇರೋ ಔಷಧಿ. ಹುಲ್ಲಿಗೆ ಏನೂ ಆಗಲ್ಲ, ಓನೆಹುಂಗಾಗೆ ಆಗುತ್ತೆ. ಯಾಕಂದ್ರೆ ಅದು ಸೇವಂತಿಗೆಯ ಕುಟುಂಬದ್ದು, ಆ ಕುಟುಂಬಕ್ಕೆ ಈ ಮದ್ದು ಆಗಿಬರಲ್ಲ. ಗಿಡದ ಬೆಳವಣಿಗೆಯ ಹಾರ್ಮೋನಿನ ವೇಷ ಹಾಕಿಕೊಂಡು ಒಳಗೆ ಹೋಗಿ, ಅದು ಅಡ್ಡಾದಿಡ್ಡಿ ಬೆಳೆದು ಸಾಯೋ ಹಾಗೆ ಮಾಡುತ್ತೆ. ಆ ಡಿಸೆಂಬರಿನಲ್ಲಿ ಮಗಳು ಬರಿಗಾಲಲ್ಲಿ ಓಡಿದಳು. ನಾನು ಬೀಗಿದೆ.

ಬೀಗಿದ್ದು ಜಾಸ್ತಿ ದಿನ ಉಳೀಲಿಲ್ಲ. ಅಮ್ಮ ಊರಿಂದ ಬಂದಿದ್ದರು. ಬೇಲಿ ಪಕ್ಕ ಹುರಳಿಕಾಯಿ, ಟೊಮೇಟೊ ಹಾಕಿದ್ದರು. ನಮ್ಮ ಮನೆಯದೇ ಕಾಂಪೋಸ್ಟು ಧಾರಾಳವಾಗಿ ಹಾಕಿದ್ದರು. ಎಳೇ ಎಲೆಗಳೆಲ್ಲ ಬಟ್ಟಲಿನ ಥರ ಸುರುಟಿಕೊಂಡು, ಕುಡಿ ತಿರುಚಿಕೊಂಡು ನಿಂತವು. ರೋಗ ಇರಬೇಕು ಅಂತ ಅಮ್ಮ ಬೂದಿ ಹಾಕಿದರು, ಮಜ್ಜಿಗೆ ನೀರು ಚಿಮುಕಿಸಿದರು. ನನಗೆ ಅನುಮಾನ ಬಂದು ಶೆಡ್ಡಿನಲ್ಲಿದ್ದ ಬಾಟಲಿಯ ಬೆನ್ನು ಓದಿದೆ. ಔಷಧಿ ಹೊಡೆದ ಲಾನಿನ ಹುಲ್ಲನ್ನ ಕಾಂಪೋಸ್ಟಿಗೆ ಹಾಕಬೇಡಿ ಅಂತ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ಹಾಕಿದ್ದೆ, ವಾರವಾರವೂ! ಈ ಮದ್ದು ಕಾಂಪೋಸ್ಟಿನಲ್ಲಿ ಬೇಗ ಕರಗಲ್ಲ. ಅಂಥ ಹುಲ್ಲು ತಿಂದ ದನದ ಸಗಣಿಯಲ್ಲೂ ಹಾಗೇ ಬರುತ್ತೆ. ಹುರಳಿ, ಬಟಾಣಿ, ಟೊಮೇಟೊ ಜಾತಿಗೆ ಚೂರು ಸಿಕ್ಕರೂ ಸಾಕು.

ಅಮ್ಮನಿಗೆ ಹೇಳಿದೆ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ‘ಹಾಗಾದ್ರೆ ಹಬ್ಬದ ದಿನ ನಾನು ಕೊಯ್ದ ಗರಿಕೆಗೂ ಹೊಡ್ದಿದ್ಯೇನೋ?’ ಅಂದರು ಅಷ್ಟೇ.

ಹೊಡೆದಿದ್ದೆ. ಗಣೇಶನ ಹಬ್ಬ ಬರೋದೂ ಆಗಸ್ಟ್ ಕೊನೆ, ಇಲ್ಲಾ ಸೆಪ್ಟೆಂಬರಿನಲ್ಲೇ. ಕಳೆಗೆ ಮದ್ದು ಹೊಡೆಯೋ ಕಾಲ, ಗರಿಕೆ ಕೊಯ್ಯೋ ಕಾಲ ಎರಡೂ ಒಂದೇ. ಮದ್ದಿಗೆ ಗರಿಕೆ ಸಾಯಲ್ಲ, ಹಸಿರಾಗೇ ಇರುತ್ತೆ. ನೋಡಿದವರಿಗೆ ಗೊತ್ತೂ ಆಗಲ್ಲ.

ಅಂದ ಹಾಗೆ, ಇಲ್ಲಿನ ಕಳೆಗಳ ಪಟ್ಟಿಯಲ್ಲಿ ಗರಿಕೆಯೂ ಇದೆ. ಹೆಸರು ‘ಇಂಡಿಯನ್ ದೋಆಬ್’. ಆಫ್ರಿಕಾದಿಂದ ಬಂದ ಕಿಕುಯು ಹುಲ್ಲಿನ ಹಾಗೆ ಇದೂ ಹಬ್ಬೋ ಜಾತಿ. ನಮ್ಮ ರೈತರಿಗೂ ಇದು ಹೊಸದಲ್ಲ. ಉತ್ತರ ಕರ್ನಾಟಕದ ಕಡೆ ಕರಿಕಿ ಅಂತಾರೆ, ಹೊಲಕ್ಕೆ ಹಬ್ಬಿದ್ರೆ ಅಗೆದು ಅಗೆದು ಸಾಕಾಗುತ್ತೆ. ಪೂಜೆಗೆ ಬೇಕು, ಹೊಲಕ್ಕೆ ಬೇಡ. ದೋಆಬ್ ಅಂದ್ರೆ ಎರಡು ನೀರಿನ ನಡುವಿನ ನೆಲ. ಕೃಷ್ಣೆ, ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ನೆನಪಿದೆಯಲ್ಲ? 1520ರಲ್ಲಿ ಕೃಷ್ಣದೇವರಾಯ ಯುದ್ಧ ಗೆದ್ದ ಜಾಗ, ಹೈಸ್ಕೂಲಿನಲ್ಲಿ ಉರು ಹೊಡೆದದ್ದು. ನಮ್ಮ ಹೆಂಡರ್ಸನ್ನೂ ಹಾಗೇ ನೋಡಿ. ಓಪಾನುಕು, ಒರಾಟಿಯಾ ಅಂತ ಎರಡು ಹೊಳೆ ಇಲ್ಲೇ ಕೂಡಿಕೊಂಡು ಹೆಂಡರ್ಸನ್ ಕ್ರೀಕ್ ಆಗಿ ಸಮುದ್ರದ ಕಡೆ ಹೋಗುತ್ತವೆ. ಗರಿಕೆ ಸರಿಯಾದ ವಿಳಾಸಕ್ಕೇ ಬಂದಿದೆ!

ಈಗ ನನ್ನ ಪದ್ಧತಿ ಬೇರೆ. ಇಡೀ ಲಾನಿಗೆ ಔಷಧಿ ಹೊಡೆಯಲ್ಲ. ಆಗಸ್ಟಿನಲ್ಲಿ ಹೀಗೆ ಮಂಡಿಯೂರಿ ಹುಡುಕಿ, ಒಂದೆರಡಿದ್ದ ಕಡೆ ಕೈಯಲ್ಲೇ ಕೀಳ್ತೀನಿ. ಮಳೆ ಬಂದ ಮಾರನೇ ದಿನ ನಮ್ಮ ಜೇಡಿಮಣ್ಣು ಸುಲಭಕ್ಕೆ ಬಿಡುತ್ತೆ. ದಟ್ಟವಾಗಿರೋ ಕಡೆಗೆ ಮಾತ್ರ ಮದ್ದು. ಅಲ್ಲಿ ಕತ್ತರಿಸಿದ ಹುಲ್ಲು ಅಲ್ಲೇ ಬಿದ್ದಿರಲಿ, ಕಾಂಪೋಸ್ಟಿಗೆ ಬೇಡ. ಹುಲ್ಲನ್ನ ತಲೆ ಬೋಳಿಸಿದ ಹಾಗೆ ಕತ್ತರಿಸೋದೂ ಬಿಟ್ಟಿದೀನಿ. ನಾಲ್ಕೈದು ಸೆಂಟಿಮೀಟರ್ ಉಳಿಸಿದರೆ ಕಳೆಗೆ ಬಿಸಿಲೂ ಜಾಗವೂ ಸಿಗಲ್ಲ. ಬೋಳಾದ ಕಡೆ ಏಪ್ರಿಲಿನಲ್ಲಿ ಹೊಸ ಬೀಜ ಹಾಕ್ತೀನಿ. ಹೀಗಾಗಿ ಮುಳ್ಳು ಪೂರ್ತಿ ಹೋಗಿಲ್ಲ, ಬೇಸಿಗೆಯಲ್ಲಿ ಒಂದೆರಡು ಸಲ ಚುಚ್ಚುತ್ತೆ. ಮಗಳು ತಾನೇ ಕಿತ್ಕೊಂಡು ಮತ್ತೆ ಓಡ್ತಾಳೆ.

ಡ್ರೈವ್‌ವೇ ಪಕ್ಕದ ಮೂಲೆಗೆ ನಾಲ್ಕು ಕೋಲು ನೆಟ್ಟು ದಾರ ಕಟ್ಟಿದೀನಿ. ಅಲ್ಲಿಗೆ ಮದ್ದೂ ಇಲ್ಲ, ಮಷೀನೂ ಇಲ್ಲ. ಚಳಿಗೆ ಗರಿಕೆ ಕಂದಿ ಮಲಗಿರುತ್ತೆ, ಹಬ್ಬದ ಹೊತ್ತಿಗೆ ಈಗಷ್ಟೇ ಕಣ್ಣು ಬಿಡ್ತಾ ಇರುತ್ತೆ. ಮೊನ್ನೆ ಅಮ್ಮ ಫೋನಿನಲ್ಲಿ ಮೊದಲು ಕೇಳಿದ್ದೇ ಅದು. ಎಣಿಸಿ ಹೇಳಿದೆ. ಮೂರೆಸಳಿನವು 17 ಇವೆ. 21ಕ್ಕೆ ಇನ್ನೂ ನಾಲ್ಕು ಕಮ್ಮಿ.

ಹಬ್ಬಕ್ಕೆ ಇನ್ನೂ ದಿನ ಇದೆ. ಸ್ವಲ್ಪ ಬಿಸಿಲು ಬಂದ್ರೆ ಚಿಗುರುತ್ತೆ ಅಂದರು ಅಮ್ಮ.