ಗೋವೆಯ ಕನ್ನಡಿಗರು ಕೊಂಕಣಿಯನ್ನೇಕೆ ಕಲಿಯಬಾರದು?

ಸಮ್ಮೇಳನದ ಸ್ಮರಣ ಸಂಚಿಕೆಗೆ ಬರೆಯುವಾಗ ಕದಂಬರಿಂದ ಆರಂಭಿಸುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಗೋವೆಯನ್ನಾಳಿದ ಜಯಕೇಶಿ, ತಾಂಬಡಿ ಸುರ್ಲಾದ ಮಹಾದೇವ ದೇವಾಲಯ, ಇಂದಿಗೂ ಇಲ್ಲಿನ ಸಾರಿಗೆ ಬಸ್ಸುಗಳ ಮೇಲೆ ಉಳಿದಿರುವ ಕದಂಬ ಎಂಬ ಹೆಸರು, ಇವೆಲ್ಲ ನಮಗೂ ಹೆಮ್ಮೆಯ ಸಂಗತಿಗಳೇ. ಆದರೆ ಆ ಅರಸರ ಬಲದಿಂದ ಇಂದು ಬೆಳಗಿನ ಜಾವ ಸೈಕಲ್ಲಿನ ಹಾರ್ನ್ ಒತ್ತುತ್ತ ಬರುವ ಪೊದೇರನಿಂದ ನಾಲ್ಕು ಪಾವ್ ಕೊಳ್ಳುವುದೂ ಸಾಧ್ಯವಿಲ್ಲ. ಅದಕ್ಕೆ ಬೇಕಾದುದು ಕೊಂಕಣಿ. ಹಲವೆಡೆ ಆ ಪೊದೇರನೂ ಈಗ ಘಟ್ಟದ ಮೇಲಿನಿಂದ ಬಂದ ನಮ್ಮ ಹುಡುಗನೇ ಆಗಿರುತ್ತಾನೆ. ಆದರೆ ಅವನು ಕೊಂಕಣಿಯನ್ನು ಕಲಿತಿದ್ದಾನೆ. ಕಲಿಯದೆ ಉಳಿದವರು ನಮ್ಮ ಸಂಘದ ಮೊದಲ ಸಾಲಿನ ಕುರ್ಚಿಗಳಲ್ಲಿ ಕೂರುವವರು. ಈ ಬರಹ ಅವರನ್ನು ಉದ್ದೇಶಿಸಿದ್ದು.

ವಿದ್ಯಾವಂತ ಕನ್ನಡ ಕುಟುಂಬವೊಂದು ಗೋವೆಗೆ ಬಂದು ನೆಲೆಸುವ ಬಗೆಯನ್ನು ನಾವು ಹಲವು ವರ್ಷಗಳಿಂದ ಗಮನಿಸುತ್ತ ಬಂದಿದ್ದೇವೆ. ಯಜಮಾನರಿಗೆ ಬ್ಯಾಂಕಿನಲ್ಲೋ, ಬಂದರಿನಲ್ಲೋ, ಕಾರ್ಖಾನೆಯಲ್ಲೋ ಉದ್ಯೋಗ. ಮೊದಲ ತಿಂಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮುಚ್ಚಿರುವುದನ್ನು ಕಂಡು ಬೇಸರ. ಎರಡನೆಯ ತಿಂಗಳಿಂದ ಅದೇ ನಿದ್ದೆ ಅವರ ಮನೆಯಲ್ಲೂ ರೂಢಿಯಾಗುತ್ತದೆ. ಜೋಳದ ರೊಟ್ಟಿಯ ಪಕ್ಕಕ್ಕೆ ಪಾವ್ ಬರುತ್ತದೆ, ಸೋನಾಮಸೂರಿಯ ಡಬ್ಬಿಯ ಪಕ್ಕದಲ್ಲಿ ಉಕಡೆ ಅಕ್ಕಿಯ ಡಬ್ಬಿ ಕೂರುತ್ತದೆ. ಚೌತಿಯಲ್ಲಿ ನೆರೆಮನೆಯವರು ಗಣಪತಿಯ ಮೇಲೆ ಕಟ್ಟಿದ ಮಾಟೋಳಿಯ ಹಣ್ಣು, ಕಾಯಿ, ಕಾಡುಬಳ್ಳಿಗಳನ್ನು ಕಂಡು ಮನೆಯೊಡತಿ ಬೆರಗಾಗುತ್ತಾಳೆ. ಮರುವರ್ಷ ತಾನೂ ಒಂದು ಪುಟ್ಟ ಮಾಟೋಳಿಯನ್ನು ಕಟ್ಟುತ್ತಾಳೆ. ಮಗನ ಮದುವೆಯಾದಾಗ, ಪುರೋಹಿತರ ಮಂತ್ರವಷ್ಟೇ ಇಲ್ಲಿ ಸಾಲದು, ನೋಂದಣಾಧಿಕಾರಿಯ ಮುಂದೆ ಸಹಿ ಹಾಕಬೇಕು ಎಂಬ ಪೋರ್ತುಗೀಜರ ಕಾಲದ ಕಾನೂನೂ ತಿಳಿಯುತ್ತದೆ. ಹೀಗೆ ಊಟ, ನಿದ್ದೆ, ಹಬ್ಬ, ಕಾನೂನು ಎಲ್ಲಕ್ಕೂ ಹೊಂದಿಕೊಂಡ ಕುಟುಂಬ ನಾಲಿಗೆಯ ವಿಷಯಕ್ಕೆ ಬಂದಾಗ ಮಾತ್ರ ಹಟ ಹಿಡಿಯುತ್ತದೆ. ಮೂವತ್ತು ವರ್ಷ ಕಳೆದ ಮೇಲೂ ಪಕ್ಕದ ಮನೆಯ ಅಜ್ಜಿ ‘ಜೆವಣ್ ಜಾಲೆಂ?’ ಎಂದು ಕೇಳಿದರೆ ಹಿಂದಿಯಲ್ಲಿ ಉತ್ತರ ಹೊರಡುತ್ತದೆ. ನಮ್ಮ ‘ಊಟ ಆಯಿತೇ?’ ಎಂಬ ಪ್ರಶ್ನೆಯನ್ನೇ ಪದಕ್ಕೆ ಪದ ಕೇಳುವ ನೆರೆಯವರನ್ನು ಪರಭಾಷೆಯವರೆಂದು ದೂರವಿಡುವುದು ಎಂತಹ ಜಾಣತನ?

ಇದೇ ಮನೆಯ ಮಗ ಉದ್ಯೋಗಕ್ಕೆಂದು ಟೋಕಿಯೋಗೆ ಹೊರಟನೆನ್ನಿ. ಹೊರಡುವ ಮೊದಲೇ ಜಪಾನೀ ಭಾಷೆಯ ಪರೀಕ್ಷೆಗೆ ಕೂರುತ್ತಾನೆ. ಆ ಪರೀಕ್ಷೆಗೆ ಐದು ಹಂತಗಳು. ಒಂದೊಂದನ್ನು ದಾಟಿದಾಗಲೂ ತಂದೆ ಸಂಘದಲ್ಲಿ ಪೇಡೆ ಹಂಚುತ್ತಾರೆ. ಅಲ್ಲಿ ಬಾಗಿಲ ಬಳಿ ಪಾದರಕ್ಷೆ ಕಳಚುವ ಕ್ರಮ, ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಿ ಗೊತ್ತಾದ ದಿನವೇ ಹೊರಗಿಡುವ ಶಿಸ್ತು, ರೈಲಿನಲ್ಲಿ ಗಟ್ಟಿಯಾಗಿ ಮಾತನಾಡದಿರುವ ಮರ್ಯಾದೆ, ಎಲ್ಲವನ್ನೂ ಸೊಸೆ ವರ್ಷದೊಳಗೆ ಕಲಿತಳೆಂದು ಅತ್ತೆ ಹೊಗಳುತ್ತಾರೆ. ಸಂತೋಷ. ಆದರೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಒಂದೇ ರಾತ್ರಿಯ ಪ್ರಯಾಣದಲ್ಲಿ ತಲುಪುವ ಊರಿನ ಭಾಷೆಗೆ ಆ ಗೌರವದ ಹತ್ತರಲ್ಲೊಂದು ಪಾಲೂ ಏಕೆ ಸಲ್ಲಲಿಲ್ಲ? ಯೆನ್ ಕೊಡುವ ಭಾಷೆಗೆ ತಲೆಬಾಗಿ, ನೆರಳು ಕೊಟ್ಟ ಭಾಷೆಯ ಮುಂದೆ ತಲೆಯೆತ್ತಿ ನಡೆಯುವುದನ್ನು ಸ್ವಾಭಿಮಾನವೆಂದು ಕರೆಯಲು ನಾವು ಸಿದ್ಧರಿಲ್ಲ.

ಈ ಮಾತನ್ನೆತ್ತಿದಾಗಲೆಲ್ಲ ಮೂರು ಆಕ್ಷೇಪಗಳು ತಪ್ಪದೆ ಬರುತ್ತವೆ. ಹಿಂದಿಯಲ್ಲಿ ಎಲ್ಲವೂ ನಡೆಯುತ್ತದಲ್ಲ ಎಂಬುದು ಮೊದಲನೆಯದು. ನಡೆಯುತ್ತದೆ, ನಿಜ. ಬೆಂಗಳೂರಿನಲ್ಲೂ ನಡೆಯುತ್ತದೆ. ಹತ್ತು ವರ್ಷ ಬೆಂಗಳೂರಿನಲ್ಲಿದ್ದೂ ಕನ್ನಡದ ಒಂದು ವಾಕ್ಯವನ್ನು ಕಲಿಯದವರ ಬಗ್ಗೆ ನಮ್ಮ ವೇದಿಕೆಯಿಂದ ಎಷ್ಟು ಭಾಷಣಗಳಾಗಿವೆ, ಎಷ್ಟು ನಿರ್ಣಯಗಳು ಅಂಗೀಕಾರವಾಗಿವೆ! ಆ ನಿರ್ಣಯಗಳಿಗೆ ಕೈಯೆತ್ತಿದವರು ಮರಳಿ ಮನೆಗೆ ಹೋಗುವಾಗ ಬಸ್ಸಿನ ಕಂಡಕ್ಟರನೊಡನೆ ಯಾವ ಭಾಷೆಯಲ್ಲಿ ಮಾತನಾಡಿದರು? ಅಲ್ಲಿ ಬೇಡುವ ನ್ಯಾಯವನ್ನು ಇಲ್ಲಿ ಕೊಡಲೊಲ್ಲದವರ ನಿರ್ಣಯಕ್ಕೆ ತೂಕವೆಲ್ಲಿಂದ ಬರಬೇಕು?

ಎರಡನೆಯದು, ಕೊಂಕಣಿ ಕಲಿತರೆ ಮಕ್ಕಳ ಬಾಯಿಂದ ಕನ್ನಡ ಹೋದೀತು ಎಂಬ ಭೀತಿ. ಈ ಆಕ್ಷೇಪಕ್ಕೆ ಕೊಂಕಣಿಗರ ಇತಿಹಾಸವೇ ಉತ್ತರ. 1560ರಲ್ಲಿ ಗೋವೆಯಲ್ಲಿ ಪೋರ್ತುಗೀಜರ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾಯಿತು. ಆ ಕಾಲದ ಹಿಂದುಮುಂದಿನಲ್ಲಿ ದೇವರ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ಹೊರಟ ಮನೆತನಗಳು ಅಂಕೋಲೆ, ಕುಮಟೆ, ಭಟ್ಕಳ, ಮಂಗಳೂರು, ಕಾಸರಗೋಡಿನವರೆಗೂ ನೆಲೆನಿಂತವು. ಕ್ರೈಸ್ತ ಕುಟುಂಬಗಳೂ ಅದೇ ದಾರಿ ಹಿಡಿದು ಬಂದವು. ಅವರು ಮನೆಯೊಳಗೆ ಕೊಂಕಣಿಯನ್ನು ಬಿಡಲಿಲ್ಲ, ಮನೆಯ ಹೊರಗೆ ಕನ್ನಡವನ್ನು ದೂರವಿಡಲಿಲ್ಲ. ನಾನೂರು ವರ್ಷಗಳಾದರೂ ಮಂಗಳೂರಿನ ಮನೆಗಳಲ್ಲಿ ಕೊಂಕಣಿ ಜೀವಂತವಾಗಿದೆ. ಕನ್ನಡಕ್ಕಾದರೋ ಆ ಮನೆಗಳಿಂದ ಪಂಜೆ ಮಂಗೇಶರಾಯರು ಬಂದರು, ಮಂಜೇಶ್ವರದ ಗೋವಿಂದ ಪೈಗಳು ಬಂದರು, ಯಶವಂತ ಚಿತ್ತಾಲರೂ ಗಿರೀಶ ಕಾರ್ನಾಡರೂ ಬಂದರು. ಇವರೆಲ್ಲರ ಮನೆಮಾತು ಕೊಂಕಣಿ. ಅವರ ಪೂರ್ವಜರು ‘ನಮ್ಮ ಭಾಷೆ ಹೋದೀತು’ ಎಂದು ಕದವಿಕ್ಕಿ ಕುಳಿತಿದ್ದರೆ ಕನ್ನಡ ಸಾಹಿತ್ಯ ಎಷ್ಟು ಬಡವಾಗುತ್ತಿತ್ತು ಎಂಬುದನ್ನು ಸಾಹಿತ್ಯ ಸಮ್ಮೇಳನ ನಡೆಸುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಗೋವೆಯಲ್ಲೇ ಉಳಿದವರ ಕಥೆ ಇನ್ನೂ ಬೋಧಪ್ರದ. 1684ರಲ್ಲಿ ವೈಸರಾಯನು ಕೊಂಕಣಿಯನ್ನು ಮೂರು ವರ್ಷಗಳೊಳಗೆ ತೊರೆದು ಪೋರ್ತುಗೀಜನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದ. ಆ ಆಜ್ಞೆ ಇಂದು ಪುಸ್ತಕಗಳಲ್ಲಿದೆ, ಕೊಂಕಣಿ ಬೀದಿಯಲ್ಲಿದೆ. 1987ರಲ್ಲಿ ಅದು ಈ ರಾಜ್ಯದ ಅಧಿಕೃತ ಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು, ಮುಂದೆ ರವೀಂದ್ರ ಕೇಳೇಕಾರ ಮತ್ತು ದಾಮೋದರ ಮಾವಜೋ ಅವರಿಗೆ ಜ್ಞಾನಪೀಠ ಬಂತು. ಅರಸನ ಆಜ್ಞೆಗೂ ಸಾಯದ ಭಾಷೆಯನ್ನು ಉಳಿಸಿದ್ದು ಅಡುಗೆಮನೆ. ನಮ್ಮ ಅಡುಗೆಮನೆಗಳಲ್ಲಿ ಏನಾಗುತ್ತಿದೆ? ತಾಯಿ ಮಗುವಿಗೆ ‘ಪಾನಿ ಪೀಲೋ’ ಎನ್ನುತ್ತಾಳೆ, ತಂದೆ ‘ಹೋಂವರ್ಕ್ ಕಂಪ್ಲೀಟ್?’ ಎನ್ನುತ್ತಾನೆ. 2011ರ ಜನಗಣತಿಯಲ್ಲಿ ಗೋವೆಯ ಜನರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಶೇಕಡಾ 5ಕ್ಕಿಂತ ಕಡಿಮೆ, ಹಿಂದಿಯೆಂದು ಬರೆಸಿದವರು ಶೇಕಡಾ 10ರ ಆಸುಪಾಸು. ಕೊಂಕಣಿ ನಮ್ಮ ಮಕ್ಕಳ ಕನ್ನಡವನ್ನು ಕಸಿದುಕೊಂಡ ಒಂದು ಮನೆಯನ್ನೂ ನಾವು ಕಂಡಿಲ್ಲ. ಹಿಂದಿಯೂ ಇಂಗ್ಲಿಷೂ ನುಂಗಿದ ಮನೆಗಳನ್ನು ಬೇಕಾದಷ್ಟು ಕಂಡಿದ್ದೇವೆ. ಆ ಮನೆಗಳ ಮೊಮ್ಮಕ್ಕಳು ಊರಿನ ಅಜ್ಜಿಗೆ ದೂರವಾಣಿಯಲ್ಲಿ ‘ಹಲೋ’ ಎಂದು ಹೇಳಿ ತಾಯಿಯ ಕೈಗೆ ಕೊಟ್ಟುಬಿಡುತ್ತಾರೆ.

ಮೂರನೆಯ ಆಕ್ಷೇಪದಲ್ಲಿ ನೋವಿದೆ. ಅದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ‘ನಮ್ಮನ್ನು ಘಾಟಿ ಎನ್ನುತ್ತಾರೆ, ಅವರ ಭಾಷೆಯನ್ನು ನಾವೇಕೆ ಕಲಿಯಬೇಕು?’ ಎಂದು ಕೇಳುವವರಿದ್ದಾರೆ. ಘಾಟಿ ಎಂದರೆ ಘಟ್ಟದಾಚೆಯವನು, ಅಷ್ಟೇ. ನಮ್ಮ ಕರಾವಳಿಯವರೂ ‘ಘಟ್ಟದ ಮೇಲಿನವರು’ ಎನ್ನುವುದುಂಟು. ಆದರೆ ಇಲ್ಲಿ ಆ ಪದವನ್ನು ಉಚ್ಚರಿಸುವ ಧ್ವನಿಯಲ್ಲಿ ತಿರಸ್ಕಾರವಿರುತ್ತದೆ, ಅದು ಅನ್ಯಾಯ. ಬೆಳಗಾವಿಯ ತರಕಾರಿ ಒಂದು ದಿನ ಚೋರ್ಲಾ ಘಾಟಿಯನ್ನು ಇಳಿಯದಿದ್ದರೆ ಗೋವೆಯ ಮಾರುಕಟ್ಟೆ ಬರಿದಾಗುತ್ತದೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕೈಗಳಿಲ್ಲದೆ ಇಲ್ಲಿ ಗೋಡೆಯೇಳುವುದಿಲ್ಲ. ಇದನ್ನು ಗೋವೆಯ ಮಿತ್ರರಿಗೆ ಖಂಡಿತವಾಗಿ ಹೇಳಬೇಕು. ಯಾವ ಭಾಷೆಯಲ್ಲಿ ಹೇಳುವುದು ಎಂಬುದೇ ನಮ್ಮ ಪ್ರಶ್ನೆ.

ಇನ್ನೊಂದು ಮಾತನ್ನೂ ಹೇಳದೆ ಬಿಡಲಾಗದು. ಆ ಬೈಗುಳ ಬೀಳುವುದು ಸಂಘದ ಸದಸ್ಯರ ಮೇಲಲ್ಲ. ವಾಸ್ಕೋದ ಪೇಟೆಯಲ್ಲಿ ಬುಟ್ಟಿಯಿಟ್ಟು ಕೂರುವ, ಜುವಾರಿನಗರದ ಇಕ್ಕಟ್ಟಿನ ಓಣಿಯಿಂದ ಬೆಳಿಗ್ಗೆ ಕಾಂಕ್ರೀಟು ಹೊರಲು ಹೋಗುವ ಹೆಣ್ಣುಮಗಳ ಮೇಲೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಗಿರಾಕಿಯೊಡನೆ ಕೊಂಕಣಿಯಲ್ಲಿ ಚೌಕಾಸಿ ಮಾಡುತ್ತಾಳೆ, ಮಗಳೊಡನೆ ಉತ್ತರ ಕರ್ನಾಟಕದ ಗಟ್ಟಿ ಕನ್ನಡವನ್ನಾಡುತ್ತಾಳೆ. ನಾವು ಬಿ.ಎ., ಬಿ.ಎಡ್. ಓದಿ, ಮೂರು ದಶಕಗಳ ಕಾಲ ಪಾಠ ಹೇಳಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಎರಡು ಭಾಷೆಗಳನ್ನು ಅವುಗಳ ಸ್ಥಾನದಲ್ಲಿಟ್ಟು ಬಾಳುವ ಕಲೆಗೆ ಇದಕ್ಕಿಂತ ಉತ್ತಮ ಉದಾಹರಣೆಯನ್ನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ. ಅವಳನ್ನು ನಮ್ಮ ಸಮ್ಮೇಳನಕ್ಕೆ ಎಷ್ಟು ಬಾರಿ ಕರೆದಿದ್ದೇವೆ? 2004ರ ಜೂನ್ ತಿಂಗಳ ಮಳೆಯಲ್ಲಿ ಬೈನಾ ಕಡಲತೀರದ ಗುಡಿಸಲುಗಳು ನೆಲಸಮವಾದಾಗ ಬೀದಿಗೆ ಬಿದ್ದವರಲ್ಲಿ ಅವಳಂಥವರೂ ಇದ್ದರು. ಆಗ ಗೋವೆಯ ಓದುಗರಿಗೆ ಅವರದೇ ಭಾಷೆಯಲ್ಲಿ ‘ಇವರು ಯಾರು, ಏಕೆ ಬಂದರು, ಎಲ್ಲಿಗೆ ಹೋಗಬೇಕು’ ಎಂದು ಬರೆಯಬಲ್ಲ ಕನ್ನಡಿಗರು ನಮ್ಮ ಕಣ್ಣಿಗೆ ಬೀಳಲಿಲ್ಲ. ಬರೆಯಬಲ್ಲ ವಿದ್ಯೆಯಿದ್ದವರಿಗೆ ಭಾಷೆಯಿರಲಿಲ್ಲ, ಭಾಷೆಯಿದ್ದವರಿಗೆ ಅಕ್ಷರವಿರಲಿಲ್ಲ.

ಮಹದಾಯಿಯ ವಿವಾದ ನ್ಯಾಯಮಂಡಳಿಯಲ್ಲಿ, ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯುತ್ತದೆ. ಆದರೆ ಅದು ಕಾವೇರಿದಾಗ ಕಲ್ಲು ಬೀಳುವುದು ಎರಡೂ ಕಡೆಯ ಬಸ್ಸುಗಳ ಮೇಲೆ, ಸಂದೇಹ ಬೀಳುವುದು ಇಲ್ಲಿನ ಬಾಡಿಗೆಮನೆಯ ಕನ್ನಡಿಗನ ಮೇಲೆ. ಅಂತಹ ದಿನ ನೆರೆಮನೆಯವನು ನಮ್ಮ ಪರವಾಗಿ ನಿಲ್ಲಬೇಕಾದರೆ ಅವನಿಗೆ ನಮ್ಮ ಪರಿಚಯವಿರಬೇಕು.

ಕಲಿಯುವುದು ಕಷ್ಟವೆಂಬ ನೆಪಕ್ಕೂ ಆಸ್ಪದವಿಲ್ಲ. ಗೋವೆಯಲ್ಲಿ ದೇವನಾಗರಿಯಲ್ಲೂ ರೋಮನ್ ಲಿಪಿಯಲ್ಲೂ ಬರೆಯುವ ಕೊಂಕಣಿಯನ್ನು ಕರ್ನಾಟಕದಲ್ಲಿ ನಮ್ಮದೇ ಲಿಪಿಯಲ್ಲಿ ಬರೆಯುತ್ತಾರೆ. ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ 1938ರಿಂದ ಕನ್ನಡ ಅಕ್ಷರಗಳಲ್ಲೇ ಬರುತ್ತಿದೆ. ಕನ್ನಡ ಓದಬಲ್ಲವನು ಇಂದು ಸಂಜೆಯೇ ಕೊಂಕಣಿಯನ್ನು ಓದಬಹುದು. ಅರ್ಥವಾಗದ ಕಡೆ ಪಕ್ಕದ ಮನೆಯ ಅಜ್ಜಿಯಿದ್ದಾಳೆ. ಉಚ್ಚಾರದಲ್ಲಿ ವ್ಯತ್ಯಾಸವುಂಟು, ಅದನ್ನು ತಿದ್ದುವ ನೆಪದಲ್ಲಿ ಆಕೆ ಒಂದು ಲೋಟ ಚಹಾವನ್ನೂ ಕೊಟ್ಟಾಳು.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮದೊಂದು ಬೇಡಿಕೆಯಿದೆ. ಭಾನುವಾರ ಬೆಳಿಗ್ಗೆ ಸಂಘದ ಕಾರ್ಯಾಲಯ ಖಾಲಿಯಿರುತ್ತದೆ. ಹತ್ತರಿಂದ ಹನ್ನೊಂದರವರೆಗೆ ಮಕ್ಕಳಿಗೆ ಕನ್ನಡ ಅಕ್ಷರಾಭ್ಯಾಸ. ಹನ್ನೊಂದರಿಂದ ಹನ್ನೆರಡರವರೆಗೆ ದೊಡ್ಡವರಿಗೆ ಕೊಂಕಣಿ. ಮೊದಲನೆಯದನ್ನು ಸಂಬಳವಿಲ್ಲದೆ ನಡೆಸಲು ನಾವು ಸಿದ್ಧರಿದ್ದೇವೆ. ಎರಡನೆಯದಕ್ಕೆ ಗೋವೆಯ ನಿವೃತ್ತ ಶಿಕ್ಷಕರೊಬ್ಬರನ್ನು ಗೌರವಧನ ಕೊಟ್ಟು ಕರೆಯಬೇಕು. ಸನ್ಮಾನದ ಶಾಲುಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿದರೆ ವರ್ಷದ ಖರ್ಚಿನ ಒಂದು ಭಾಗ ಹುಟ್ಟುತ್ತದೆ. ಆ ತರಗತಿಯಲ್ಲಿ ಅಧ್ಯಕ್ಷರಿಗೂ ಕಾರ್ಯದರ್ಶಿಗಳಿಗೂ ಮೊದಲ ಬೆಂಚನ್ನು ಕಾದಿರಿಸತಕ್ಕದ್ದು. ಹಾಜರಿ ಪುಸ್ತಕವನ್ನು ನಾವು ತರುತ್ತೇವೆ.