ಭೂಮಿಗೂ ಸವಕಳಿ ಇದೆ

ಲೆಕ್ಕಶಾಸ್ತ್ರದಲ್ಲಿ ಸವಕಳಿಯ ಅಧ್ಯಾಯ ಓದಿದವರಿಗೆಲ್ಲ ಈ ಪ್ರಶ್ನೆ ಗೊತ್ತು: ಯಾವ ಸ್ಥಿರ ಆಸ್ತಿಗೆ ಸವಕಳಿ ಹಾಕುವುದಿಲ್ಲ? ಉತ್ತರ, ಭೂಮಿ. ಯಂತ್ರ ಸವೆಯುತ್ತದೆ, ಲಾರಿ ಸವೆಯುತ್ತದೆ, ಕಟ್ಟಡ, ಕುರ್ಚಿ, ಮೇಜು ಎಲ್ಲಕ್ಕೂ ವರ್ಷಕ್ಕಿಷ್ಟು ಎಂದು ಬೆಲೆ ಇಳಿಸುತ್ತೇವೆ. ಭೂಮಿಯ ಆಯಸ್ಸು ಮುಗಿಯುವುದಿಲ್ಲ, ಹಾಗಾಗಿ ಅದು ಬ್ಯಾಲೆನ್ಸ್ ಶೀಟಿನಲ್ಲಿ ಕೊಂಡ ಬೆಲೆಗೇ ಕೂತಿರುತ್ತದೆ. ಆದರೆ ಹೈಸ್ಕೂಲಿನಲ್ಲಿ ಭೂಗೋಳ ಓದುವಾಗ ಇದೇ ಪದ ಬೇರೆ ಕಡೆ ಬಂದಿತ್ತು: ಮಣ್ಣಿನ ಸವಕಳಿ. ಪದ ಒಂದೇ. ಒಂದು ಪುಸ್ತಕ ಇದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಸೈಟಿನ ವಿಚಾರಕ್ಕೆ ನಮ್ಮ ವಾಣಿಜ್ಯದ ಪುಸ್ತಕ ಸರಿ ಇರಬಹುದು. ಬೆಟ್ಟದ ವಿಚಾರಕ್ಕೆ ಸರಿಯಿಲ್ಲ. ಆ ತಪ್ಪು ಲೆಕ್ಕದ ಬಿಲ್ಲು ಕೊನೆಗೆ ಬರುವುದು ನಂಜನಗೂಡಿಗೂ ಟಿ. ನರಸೀಪುರಕ್ಕೂ ಎಂಬುದು ನನ್ನ ಅಭಿಪ್ರಾಯ.

ಎಲ್ಲಿಯ ಬೆಟ್ಟ, ಎಲ್ಲಿಯ ನಂಜನಗೂಡು ಎನ್ನುವವರು ಒಮ್ಮೆ ನಕ್ಷೆ ನೋಡಿ. ಕೊಡಗಿಗೂ ವಯನಾಡಿಗೂ ನಡುವೆ ಬ್ರಹ್ಮಗಿರಿ ಸಾಲು ಇದೆ, ಎತ್ತರ 1,600 ಮೀಟರ್ ಆಸುಪಾಸು. ಅದರ ಉತ್ತರದ ಮಗ್ಗುಲಲ್ಲಿ ಬಿದ್ದ ಮಳೆ ಇರ್ಪು ಜಲಪಾತವಾಗಿ ಇಳಿದು, ಲಕ್ಷ್ಮಣತೀರ್ಥವಾಗಿ ಹರಿದು, ಕೆ.ಆರ್.ಎಸ್. ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ದಕ್ಷಿಣದ ಮಗ್ಗುಲಲ್ಲಿ ಬಿದ್ದದ್ದು ತಿರುನೆಲ್ಲಿಯ ಹತ್ತಿರ ಕಾಳಿಂದಿ ಎಂಬ ಹೊಳೆಯಾಗಿ ಕಬಿನಿಗೆ ಹೋಗುತ್ತದೆ. ಕಬಿನಿ ಎಂದರೆ ನಮ್ಮ ಕಪಿಲೆಯೇ. ಅಂದರೆ ಬೆಟ್ಟದ ನೆತ್ತಿಯಲ್ಲಿ ಒಂದು ಗೇಣು ಅಂತರದಲ್ಲಿ ಬಿದ್ದ ಎರಡು ಹನಿಗಳು, ಒಂದು ಮೈಸೂರಿನ ಆ ಕಡೆಯಿಂದ, ಇನ್ನೊಂದು ನಂಜನಗೂಡಿನ ಸೇತುವೆಯ ಕೆಳಗಿನಿಂದ ಸುತ್ತಿಕೊಂಡು ಬಂದು, ಟಿ. ನರಸೀಪುರದ ಸಂಗಮದಲ್ಲಿ ಮತ್ತೆ ಸೇರುತ್ತವೆ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುವ ಗೆಳೆಯರು ಇದನ್ನು ಜಂಬದಿಂದ ಹೇಳಿಕೊಳ್ಳಬಹುದು.

ಈಗ ಆ ನೆತ್ತಿಯ ಮೇಲೆ ಏನಿದೆ ನೋಡೋಣ. ದೊಡ್ಡ ದೊಡ್ಡ ಮರಗಳ ದಟ್ಟ ಕಾಡು ಎಂದುಕೊಂಡರೆ ಅಲ್ಲ. ಪಶ್ಚಿಮ ಘಟ್ಟದ ಎತ್ತರದಲ್ಲಿ ಹೆಚ್ಚು ಕಾಣುವುದು ಹುಲ್ಲು. ಎರಡು ದಿಣ್ಣೆಗಳ ನಡುವಿನ ಮಡಿಕೆಯಲ್ಲಿ, ನೀರು ನಿಲ್ಲುವ ಜಾಗದಲ್ಲಿ ಮಾತ್ರ ಗಿಡ್ಡ ಮರಗಳ ಒತ್ತಾದ ಕಾಡು. ಇದನ್ನೇ ಶೋಲಾ ಕಾಡು ಎನ್ನುತ್ತಾರೆ. ಮರಗಳು ಗಾಳಿಗೆ ಡೊಂಕಾಗಿರುತ್ತವೆ, ಕಾಂಡದ ತುಂಬ ಪಾಚಿ, ಕೊಂಬೆಯ ಮೇಲೆ ಜರೀಗಿಡ, ಸೀತಾಳೆ ದಂಡೆ. ಪಾಚಿ ಮಂಜನ್ನು ಹಿಡಿದು ಹನಿ ಹನಿಯಾಗಿ ಕೆಳಗೆ ಬಿಡುತ್ತದೆ. ಕೆಳಗೆ ಎಲೆ ಬಿದ್ದು ಬಿದ್ದು ದಪ್ಪ ಹಾಸು ಆಗಿರುತ್ತದೆ. ಎತ್ತರದಲ್ಲಿ ಚಳಿ ಇರುವುದರಿಂದ ಎಲೆ ಬೇಗ ಕೊಳೆಯುವುದಿಲ್ಲ. ನಿಧಾನವಾಗಿ ಕೊಳೆತು ಕಪ್ಪು ಮಣ್ಣಾಗುತ್ತದೆ. ಇದು ನಮ್ಮ ಕಡೆಯ ಎರೆಮಣ್ಣಿನ ಕಪ್ಪಲ್ಲ. ಎರೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಶೋಲಾದ ಕಪ್ಪು ಎಲೆಯಿಂದ ಬಂದದ್ದು, ಹಗುರ, ಒಳಗೆಲ್ಲ ಸಣ್ಣ ಸಣ್ಣ ಸಂದು. ಬೇರಿನ ಜಾಲ, ಬೇರಿಗೆ ಅಂಟಿದ ಶಿಲೀಂಧ್ರದ ಎಳೆಗಳು, ಎರೆಹುಳು ಎಲ್ಲ ಸೇರಿ ಅದನ್ನು ಸ್ಪಂಜಿನಂತೆ ಮಾಡಿರುತ್ತವೆ. ಜುಲೈಯಲ್ಲಿ ಕುಡಿದ ನೀರನ್ನು ಅದು ಜನವರಿಯಲ್ಲಿ, ಮಾರ್ಚಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮಳೆ ನಿಂತು ತಿಂಗಳುಗಳಾದರೂ ಬೆಟ್ಟದ ತೊರೆಗಳು ಒಣಗದೆ ಇರುವುದು ಈ ಮಣ್ಣಿನಿಂದ.

ಹುಲ್ಲಿನ ಕಡೆಯನ್ನು ಯಾರೂ ಗೌರವದಿಂದ ನೋಡುವುದಿಲ್ಲ. ಕಳೆದ ವರ್ಷ ನಮ್ಮ ತರಗತಿಯವರು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. 1,454 ಮೀಟರ್ ಎತ್ತರ, ಗುಂಡ್ಲುಪೇಟೆಯಿಂದ ಹತ್ತಿರ. ಕೆಳಗೆ ನಮ್ಮ ಗಾಡಿ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಮೇಲೆ ಇಳಿದ ತಕ್ಷಣ ಒಬ್ಬ, "ಅಯ್ಯೋ, ಮರಾನೆಲ್ಲ ಕಡ್ದುಬಿಟ್ಟವ್ರೆ, ನಾವು ಬಂದು ಗಿಡ ನೆಡ್ಬೇಕು" ಎಂದ. ಅಲ್ಲಿದ್ದ ಅರಣ್ಯ ಸಿಬ್ಬಂದಿಯೊಬ್ಬರು ನಕ್ಕು, "ಯಾರೂ ಕಡ್ದಿಲ್ಲ ಕಣಪ್ಪಾ, ಇದು ಇರೋದೇ ಹಿಂಗೆ. ಆನೆ, ಕಾಟಿ ಏನ್ ತಿನ್ಬೇಕು?" ಎಂದರು. ಆ ಮಾತಿನ ತೂಕ ನನಗೆ ಆಮೇಲೆ ನೀಲಗಿರಿಯ ಬಗ್ಗೆ ಓದಿದಾಗ ತಿಳಿಯಿತು. ಅಲ್ಲಿನ ಹುಲ್ಲುಗಾವಲನ್ನು ಪಾಳು ಜಮೀನು ಎಂದು ಬಗೆದು ಬ್ರಿಟಿಷರ ಕಾಲದಿಂದಲೂ ಆಸ್ಟ್ರೇಲಿಯಾದ ವ್ಯಾಟಲ್, ನೀಲಗಿರಿ ಮರ, ಪೈನ್ ನೆಟ್ಟರು. ಕಾಗದದಲ್ಲಿ ಮರಗಳ ಸಂಖ್ಯೆ ಹೆಚ್ಚಿತು. ಸಾವಿರಾರು ವರ್ಷದಿಂದ ಇದ್ದ ಹುಲ್ಲು ಹೋಯಿತು. ಹುಲ್ಲಿನ ಸಣ್ಣ ಬೇರುಗಳು ಮೇಲ್ಮಣ್ಣನ್ನು ಹೇಗೆ ಹೆಣೆದು ಹಿಡಿದಿರುತ್ತವೆ ಎಂದು ನೋಡಬೇಕಾದರೆ ಬೆಟ್ಟಕ್ಕೂ ಹೋಗಬೇಕಿಲ್ಲ, ನಮ್ಮ ಆಟದ ಮೈದಾನದ ಅಂಚಿನಲ್ಲಿ ಒಂದು ಗರಿಕೆ ಕೀಳಲು ಪ್ರಯತ್ನಿಸಿ.

ಬೆಟ್ಟದ ಮಣ್ಣು ಅಸಲು. ಅದು ಬಿಡುವ ನೀರು ಅಸಲಿನ ಮೇಲಿನ ಆದಾಯ. (ಅಸಲು, ಬಾಕಿ, ಜಮಾ, ಖರ್ಚು: ಈ ಪದಗಳು ನಮ್ಮ ಮನೆಯ ಉರ್ದುವಿನಲ್ಲೂ ಇವೆ, ಹಾಗಾಗಿ ನನಗೆ ಲೆಕ್ಕಶಾಸ್ತ್ರದ ಕನ್ನಡ ಇಂಗ್ಲಿಷಿಗಿಂತ ಸುಲಭ.) ಆದಾಯ ಖರ್ಚು ಮಾಡಿದರೆ ಮುಂದಿನ ವರ್ಷ ಮತ್ತೆ ಬರುತ್ತದೆ, ಅಸಲನ್ನೇ ತಿಂದರೆ ಬರುವುದಿಲ್ಲ. ಎರಡು ಮೂರು ಸೆಂಟಿಮೀಟರ್ ಮಣ್ಣು ಆಗಲು ಸಾವಿರ ವರ್ಷದವರೆಗೂ ಬೇಕಾಗಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ನಮ್ಮ ಸ್ಕೇಲಿನಲ್ಲಿ ಅಳೆದು ನೋಡಿ, ಒಂದು ಹೆಬ್ಬೆರಳ ಉಗುರಿನಷ್ಟು. ಇಳಿಜಾರಿನಲ್ಲಿ ರಸ್ತೆಗೆಂದು ಜೆಸಿಬಿ ತಂದರೆ ಅದು ಹೋಗಲು ಒಂದು ಮಧ್ಯಾಹ್ನ ಸಾಕು.

2019ರ ಆಗಸ್ಟಿನಲ್ಲಿ ನಂಜನಗೂಡಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯೇ ಮುಳುಗಿತ್ತು. ಹೊಳೆ ಕಡೆಯ ನಮ್ಮ ಬೀದಿಯಲ್ಲಿ ನೀರು ಇಳಿದ ಮೇಲೆ ಮನೆಯೊಳಗೆ ನುಣ್ಣನೆಯ ಕೆಸರು ನಿಂತಿತ್ತು. ದಾದಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಯೇ ಮಿಟ್ಟಿ ಯಹಾಂ ಕೀ ನೈ" ಎಂದರು, ಇದು ಇಲ್ಲಿಯ ಮಣ್ಣಲ್ಲ ಎಂದು. ಅದರಲ್ಲಿ ಬೆಟ್ಟದ್ದೆಷ್ಟು, ಎಚ್.ಡಿ. ಕೋಟೆ ಕಡೆಯ ಹೊಲದ್ದೆಷ್ಟು ಎಂದು ಯಾರು ಬೇರ್ಪಡಿಸುತ್ತಾರೆ? 1974ರಲ್ಲಿ ಕಟ್ಟಿದ ಕಬಿನಿ ಅಣೆಕಟ್ಟು ನಡುವೆ ಇದೆ, ದಪ್ಪ ಹೂಳು ಅಲ್ಲೇ ಕೂರುತ್ತದೆ. ಆದರೆ ಅದೇ ವಾರ, ಆಗಸ್ಟ್ 8ರಂದು, ವಯನಾಡಿನ ಪುತ್ತುಮಲೆಯಲ್ಲಿ ಬೆಟ್ಟ ಜಾರಿ ಜನ ಸತ್ತಿದ್ದರು. ಅದರ ಹಿಂದಿನ ವರ್ಷ ಮಡಿಕೇರಿಯ ಸುತ್ತಮುತ್ತ ಕುಸಿದಿತ್ತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆ. 250ಕ್ಕೂ ಹೆಚ್ಚು ಜನ. 86,000 ಚದರ ಮೀಟರ್ ನೆಲ ಕಳಚಿಕೊಂಡು ಸುಮಾರು 8 ಕಿಲೋಮೀಟರ್ ಹರಿದದ್ದು ಇಸ್ರೋ ತೆಗೆದ ಚಿತ್ರಗಳಲ್ಲಿ ಕಾಣುತ್ತದೆ. ಆ ಕೆಸರು ಪಶ್ಚಿಮಕ್ಕೆ ಚಾಲಿಯಾರ್ ನದಿಗೆ ಹೋಯಿತು, ನಮ್ಮ ಕಡೆಗೆ ಬರಲಿಲ್ಲ. ಆದರೆ ಬೆಟ್ಟದ ಸಾಲು ಅದೇ.

ಕಾಡು ಇದ್ದರೆ ಬೆಟ್ಟ ಜಾರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2024ರ ಕುಸಿತ ಶುರುವಾದದ್ದು 1,550 ಮೀಟರ್ ಎತ್ತರದಲ್ಲಿ, ಊರುಗಳಿಗಿಂತ ಎಷ್ಟೋ ಮೇಲೆ. ಒಂದೆರಡು ದಿನದಲ್ಲಿ ತಿಂಗಳ ಮಳೆ ಸುರಿದರೆ ಯಾವ ಸ್ಪಂಜೂ ತಡೆಯುವುದಿಲ್ಲ. ಆದರೆ ಸಾಧಾರಣ ಮಳೆಗೂ ಜಾರುವಂತೆ ಇಳಿಜಾರನ್ನು ಕಡಿದಿಡುವುದು ಬೇರೆ ಮಾತು. ಮಣ್ಣು ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನರಸೀಪುರ ತಾಲ್ಲೂಕಿನವರು ದೂರ ಹೋಗಬೇಕಿಲ್ಲ, ತಲಕಾಡು ಇದೆ. ಎಲ್ಲರೂ ಶಾಪದ ಕಥೆ ಹೇಳುತ್ತಾರೆ. ಭೂವಿಜ್ಞಾನಿಗಳು ಮಾಧವಮಂತ್ರಿ ಅಣೆಕಟ್ಟು, ಹರಿವು ಬದಲಾಗಿ ಬಯಲಾದ ಮರಳು, ಗಾಳಿ ಎನ್ನುತ್ತಾರೆ. ಯಾವುದನ್ನೇ ನಂಬಿ, ಮರಳಂತೂ ದೇವಸ್ಥಾನಗಳನ್ನು ಮುಚ್ಚಿದೆ.

ಒಮ್ಮೆ ಕೆಟ್ಟ ಮಣ್ಣನ್ನು ದುಡ್ಡು ಕೊಟ್ಟು ಸರಿಮಾಡಲು ಆಗುವುದಿಲ್ಲ ಎಂಬುದನ್ನು ನಮ್ಮ ಊರಿನ ಮಾರುಕಟ್ಟೆಯೇ ತೋರಿಸುತ್ತದೆ. ನನ್ನ ಮಾಮು ಬಾಳೆ ವ್ಯಾಪಾರ ಮಾಡುತ್ತಾರೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ, ದೇವರಸನಹಳ್ಳಿಯ ಹೆಸರು ಎಲ್ಲ ಕಡೆ ಗೊತ್ತು. ಆದರೆ ಗಿರಾಕಿ ಕೇಳಿದಾಗ ಮಾಮುವಿನ ಹತ್ತಿರ ಬಹಳ ಸಲ ಹಣ್ಣು ಇರುವುದಿಲ್ಲ. ಪನಾಮ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಕೂತರೆ ಹತ್ತಾರು ವರ್ಷ ಏಳುವುದಿಲ್ಲ. ಶುಂಠಿಯದೂ ಅದೇ ಕಥೆ. ವಯನಾಡಿನ ಬೆಳೆಗಾರರು ನಮ್ಮ ಕಡೆ ಬಂದು ಜಮೀನು ಗುತ್ತಿಗೆಗೆ ಹಿಡಿಯುತ್ತಾರೆ, ಒಂದು ಬೆಳೆ ತೆಗೆದು ಬೇರೆ ಜಮೀನಿಗೆ ಹೋಗುತ್ತಾರೆ, ಏಕೆಂದರೆ ಅದೇ ಮಣ್ಣಿನಲ್ಲಿ ಮತ್ತೆ ಹಾಕಿದರೆ ಕೊಳೆರೋಗ. ಗುತ್ತಿಗೆ ಹಣ ಕೈಗೆ ಬಂದಾಗ ಅದನ್ನು ಆದಾಯ ಎಂದು ಬರೆದುಕೊಳ್ಳುತ್ತೇವೆ. ಅದರಲ್ಲಿ ಅಸಲು ಎಷ್ಟು ಮಾರಿದೆವು ಎಂದು ಬರೆಯುವ ಕಾಲಂ ಇಲ್ಲ.

ಈಗ ಯಾರು ಕೊಡಬೇಕು ಎಂಬ ಪ್ರಶ್ನೆ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟವು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಸೂಕ್ಷ್ಮ ಎಂದು ಗುರುತಿಸಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ಒಪ್ಪುವುದಿಲ್ಲ ಎಂದಿತು. ಬೆಟ್ಟದ ಜನ ವಿರೋಧಿಸಿದ್ದನ್ನು ನಾನು ಬೈಯುವುದಿಲ್ಲ. ಮನೆ ಕಟ್ಟಲು, ತೋಟ ಮಾಡಲು ಅಡ್ಡಿ ಆಗುತ್ತದೆ ಎಂಬ ಭಯ ಅವರದು, ಲಾಭ ಮಾತ್ರ ಕೆಳಗಿನ ನಮ್ಮದು. ನಷ್ಟ ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ ಆದರೆ ಯಾವ ಪಾಲುದಾರಿಕೆಯೂ ನಿಲ್ಲುವುದಿಲ್ಲ ಎಂದು ನಮಗೆ ಪಾಠವೇ ಇದೆಯಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶ ಈ ಹೊಳೆಯ ಪಕ್ಕದಲ್ಲಿದೆ. ಬೆಂಗಳೂರಿನ ಕಾವೇರಿ ನೀರು ಪಂಪ್ ಆಗುವ ತೊರೆಕಾಡನಹಳ್ಳಿ ಸಂಗಮಕ್ಕಿಂತ ಕೆಳಗಿದೆ, ಅಂದರೆ ಅಲ್ಲಿನ ನಲ್ಲಿಯಲ್ಲಿ ಕಪಿಲೆಯೂ ಬರುತ್ತಾಳೆ. ನೀರಿನ ಬಿಲ್ಲಿನಲ್ಲಿ ಪೈಪಿಗೆ, ಕರೆಂಟಿಗೆ, ಸಂಬಳಕ್ಕೆ ದುಡ್ಡು ಇದೆ. ನೀರನ್ನು ಹಿಡಿದಿಟ್ಟ ಮಣ್ಣಿಗೆ ಒಂದು ಪೈಸೆ ಇಲ್ಲ. ನ್ಯೂಯಾರ್ಕ್ ನಗರ ಇದನ್ನು 1997ರಲ್ಲಿ ಬೇರೆ ರೀತಿ ಮಾಡಿತು. ಕೋಟಿಗಟ್ಟಲೆ ಡಾಲರ್ ಸುರಿದು ಶುದ್ಧೀಕರಣ ಘಟಕ ಕಟ್ಟುವ ಬದಲು, ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ರೈತರೊಂದಿಗೆ, ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡು, ಅಲ್ಲಿನ ಕಾಡು ಮತ್ತು ನೆಲ ಉಳಿಸಲು ಹಣ ಕೊಟ್ಟಿತು. ಧರ್ಮಕ್ಕೆ ಕೊಟ್ಟಿದ್ದಲ್ಲ, ಅದು ಅಗ್ಗ ಎಂದು ಲೆಕ್ಕ ಹಾಕಿ ಕೊಟ್ಟಿದ್ದು. ನಮ್ಮ ನೀರಿನ ಬಿಲ್ಲಿನಲ್ಲೂ ಬೆಟ್ಟದ ಮಣ್ಣಿಗೆಂದು ಒಂದು ಸಾಲು ಇರಲಿ, ಆ ಹಣ ಇಳಿಜಾರನ್ನು ಕಡಿಯದೆ ಬಿಟ್ಟ ರೈತನಿಗೆ ಹೋಗಲಿ ಎಂಬುದು ನನ್ನ ಬೇಡಿಕೆ. ಕೊಡುವವರಲ್ಲಿ ಕಾರ್ಖಾನೆಗಳು ಮೊದಲಿರಲಿ, ಮನೆಗಳು ಕೊನೆಗೆ.

ನಮ್ಮ ಕಾಲೇಜಿನ ಇಕೋ ಕ್ಲಬ್ಬಿಗೂ ಒಂದು ಮಾತು. ಪ್ರತಿ ಜೂನ್ 5ಕ್ಕೆ ಸಸಿ ತರಿಸುತ್ತೇವೆ, ಫೋಟೋ ತೆಗೆಯುತ್ತೇವೆ. ಎಷ್ಟು ಸಸಿ ಎಂದು ವರದಿ ಬರೆಯುತ್ತೇವೆ, ಎಷ್ಟು ಉಳಿದವು ಎಂದು ಬರೆಯುವುದಿಲ್ಲ. ಅದೇ ಹೊತ್ತಿಗೆ ಕಟ್ಟಡದ ಹಿಂದೆ ಹೊಂಗೆ ಮರದ ತರಗನ್ನು ಗುಡಿಸಿ ರಾಶಿ ಹಾಕಿ ಬೆಂಕಿ ಇಡುತ್ತೇವೆ. ಕೊನೆಯ ಪೀರಿಯಡ್ಡಿನಲ್ಲಿ ಕೆಮ್ಮಿದವರಿಗೆ ಗೊತ್ತು. ಯಾರಾದರೂ ಕೇಳಬಹುದು, ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ತರಗು ಬೆಂಕಿ ಹಾಕುತ್ತಿದ್ದರಲ್ಲ ಎಂದು. ಹಾಕುತ್ತಿದ್ದರು, ವರ್ಷದ ಮೊದಲಲ್ಲಿ, ಹುಲ್ಲು ಪೂರ್ತಿ ಒಣಗುವ ಮುಂಚೆ, ನೆಲ ಸುಡದ ಹಾಗೆ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಾಡನ್ನೇ ನುಂಗಿತು ಎಂದು ಅವರು ಹೇಳುತ್ತಾರೆ, ಅದನ್ನು ಒಪ್ಪುವ ಸಂಶೋಧಕರೂ ಇದ್ದಾರೆ. ಆ ಬೆಂಕಿಯ ಹಿಂದೆ ಕಾಡಿನ ತಿಳಿವಳಿಕೆ ಇತ್ತು. ನಮ್ಮ ಬೆಂಕಿಯ ಹಿಂದೆ ಇರುವುದು ಕಸ ಕಣ್ಣಿಗೆ ಕಾಣಬಾರದು ಎಂಬುದಷ್ಟೇ.

ಈ ಜೂನಿನಲ್ಲಿ ಸಸಿಯ ದುಡ್ಡು ಉಳಿಸಿ ಒಂದು ತರಗಿನ ಗುಂಡಿ ತೆಗೆಯೋಣ. ವಾಣಿಜ್ಯ ವಿಭಾಗದವರು ಅದಕ್ಕೆ ಒಂದು ಖಾತೆ ಪುಸ್ತಕ ಇಡೋಣ: ಈ ತಿಂಗಳು ಎಷ್ಟು ಬುಟ್ಟಿ ಎಲೆ ಹಾಕಿದೆವು, ವರ್ಷದ ಕೊನೆಗೆ ಎಷ್ಟು ಬುಟ್ಟಿ ಮಣ್ಣು ಬಂತು. ಜಾಗವನ್ನೂ ನೋಡಿಟ್ಟಿದ್ದೇನೆ, ಸೈಕಲ್ ಸ್ಟ್ಯಾಂಡಿನ ಹಿಂದೆ, ನಲ್ಲಿಯ ಪಕ್ಕ. ಆರಡಿ ಉದ್ದ, ಮೂರಡಿ ಅಗಲ ಸಾಕು. ಒಂದು ಗುದ್ದಲಿ ನಮ್ಮ ಮನೆಯಿಂದ ತರುತ್ತೇನೆ, ಇನ್ನೊಂದು ಬೇಕು.