ಕೋಳಿಯ ಮೇವಿನ ಲೆಕ್ಕ ಕೇಳೋಣ

ಮುಂಬಯಿಯ ಕೋಳಿ ಅಂಗಡಿಗಳ ಮುಂದೆ, ಉಪನಗರದ ರೈಲುಗಳಲ್ಲಿ, ಮಾಟುಂಗಾ ಕುರ್ಲಾಗಳಲ್ಲಿ ನಮ್ಮವರು ಕೂಡಿ ಉಣ್ಣುವ ಪಂಕ್ತಿಗಳಲ್ಲಿಯೂ ಒಂದು ಅಪವಾದ ಬಹುಕಾಲದಿಂದ ನಿರಾತಂಕವಾಗಿ ಸಂಚರಿಸುತ್ತಿದೆ. ಬ್ರಾಯ್ಲರ್ ಕೋಳಿ ಆರು ವಾರಗಳೊಳಗೆ ಎರಡು ಕಿಲೋ ತೂಗುವುದಕ್ಕೆ ಹಾರ್ಮೋನಿನ ಇಂಜೆಕ್ಷನ್ ಕಾರಣವೆಂದೂ, ಅದನ್ನು ತಿಂದ ಹೆಣ್ಣುಮಕ್ಕಳು ಅಕಾಲದಲ್ಲಿ ಮೈನೆರೆಯುವರೆಂದೂ, ಆದುದರಿಂದ ಎಷ್ಟು ದುಬಾರಿಯಾದರೂ ಊರಕೋಳಿಯನ್ನೇ ತರಬೇಕೆಂದೂ ವಿದ್ಯಾವಂತರೇ ಮಕ್ಕಳ ಎದುರಿಗೆ ಉಪದೇಶಿಸುತ್ತಾರೆ. ಈ ಅಪವಾದ ನಿರಾಧಾರವಾದುದು. ಅಷ್ಟು ಮಾತ್ರವೇ ಆಗಿದ್ದರೆ ಉಪೇಕ್ಷಿಸಿ ಸುಮ್ಮನಿರಬಹುದಾಗಿತ್ತು. ಆದರೆ ಇಲ್ಲದ ದೋಷವನ್ನು ಘೋಷಿಸುತ್ತ ಇರುವ ದೋಷವನ್ನು ಮರೆಸುವುದರಿಂದ ಅದು ಅನರ್ಥಕಾರಿಯೂ ಆಗಿದೆ.

ಭಯಕ್ಕೆ ಇತಿಹಾಸದಲ್ಲಿ ಒಂದು ಬೇರು ಇಲ್ಲದಿಲ್ಲ. ಅಮೆರಿಕೆಯಲ್ಲಿ 1940ರ ದಶಕದಿಂದ ಹುಂಜಗಳ ಕುತ್ತಿಗೆಯ ಚರ್ಮದ ಅಡಿಯಲ್ಲಿ ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀಹಾರ್ಮೋನಿನ ಗುಳಿಗೆಯನ್ನು ಇಡುತ್ತಿದ್ದುದು ನಿಜ. 1959ರಲ್ಲಿ ಆ ಪದ್ಧತಿ ನಿಂತಿತು. ಆದರೆ ಇಂದಿನ ಕೋಳಿಯ ಶೀಘ್ರ ಬೆಳವಣಿಗೆಗೆ ಕಾರಣ ಅದರ ತಳಿಯಲ್ಲಿದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1957, 1978 ಮತ್ತು 2005ರ ತಳಿಗಳನ್ನು ಒಂದೇ ಮೇವಿನಲ್ಲಿ ಜೊತೆಜೊತೆಯಾಗಿ ಸಾಕಿ, 2014ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಗಮನಿಸಬೇಕು: 56ನೆಯ ದಿನ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. ಮೇವು ಒಂದೇ ಆಗಿರಲು, ಈ ಅಂತರವೆಲ್ಲ ಅರ್ಧ ಶತಮಾನದ ವಂಶಾಯ್ಕೆಯ ಫಲವಲ್ಲದೆ ಬೇರೇನೂ ಅಲ್ಲ.

ಹಾರ್ಮೋನುಗಳನ್ನೇ ಒಂದೊಂದಾಗಿ ಪರೀಕ್ಷಿಸೋಣ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು; ಮೇವಿನಲ್ಲಿ ಬೆರೆಸಿದರೆ ಕೋಳಿಯ ಜಠರದಲ್ಲಿ ಜೀರ್ಣವಾಗಿಹೋಗುತ್ತದೆ, ಸೂಜಿಯಿಂದ ಕೊಡಬೇಕಾದರೆ ಸಾವಿರಾರು ಹಕ್ಕಿಗಳನ್ನು ಪದೇ ಪದೇ ಹಿಡಿದು ಚುಚ್ಚಬೇಕಾಗುತ್ತದೆ. ಬಾಯಿಯ ಮೂಲಕವೇ ಕೆಲಸ ಮಾಡಬಲ್ಲ ಹಾರ್ಮೋನು ಇಲ್ಲವೆ ಎಂದರೆ, ಉಂಟು. ಥೈರಾಯ್ಡ್ ಗ್ರಂಥಿಗೆ ಸಂಬಂಧಿಸಿದ ಟಿ3 ಅಂಥದು. ಅದನ್ನು ಬ್ರಾಯ್ಲರ್ ಮೇವಿನಲ್ಲಿ ಬೆರೆಸಿ ನೋಡಿದ ಪ್ರಯೋಗಗಳಲ್ಲಿ ಹಕ್ಕಿಯ ಬೆಳವಣಿಗೆ ಹೆಚ್ಚುವುದರ ಬದಲು ಕುಂಠಿತವಾಯಿತು. ತನ್ನ ಕೋಳಿಯ ತೂಕವನ್ನು ತಾನೇ ಇಳಿಸಿಕೊಳ್ಳಲು ಹಣ ವೆಚ್ಚಮಾಡುವ ವ್ಯಾಪಾರಿ ಈ ಭೂಮಿಯ ಮೇಲೆ ಇರಲಾರನು.

ಹಾಗಾದರೆ ಹಾರ್ಮೋನಿಗೂ ಕೋಳಿಗೂ ಸಂಬಂಧವಿಲ್ಲವೆ? ನಿಕಟವಾದ ಸಂಬಂಧವಿದೆ, ಆದರೆ ಅದು ಹಕ್ಕಿಯ ಸ್ವಂತ ಹಾರ್ಮೋನು, ಮತ್ತು ಅದನ್ನು ನಡೆಸುವುದು ಮೇವು. ಮೊಟ್ಟೆಯೊಳಗಿನ ಮರಿ ಹಳದಿಯ ಕೊಬ್ಬಿನಿಂದಲೇ ಜೀವಿಸುವುದರಿಂದ ಅದರ ಯಕೃತ್ತಿಗೆ ಹೊಸದಾಗಿ ಕೊಬ್ಬನ್ನು ನಿರ್ಮಿಸುವ ಅಗತ್ಯವಿರುವುದಿಲ್ಲ. ಹೊರಬಂದು ಮೊದಲ ಬಾರಿಗೆ ಸ್ಟಾರ್ಟರ್ ಮೇವನ್ನು ಕುಕ್ಕಿದ ಮೇಲೆ, ಮ್ಯಾಲಿಕ್ ಕಿಣ್ವ ಮುಂತಾದ ಕೊಬ್ಬು ನಿರ್ಮಾಣದ ಕಿಣ್ವಗಳ ವಂಶವಾಹಿಗಳು ಅದೇ ಯಕೃತ್ತಿನಲ್ಲಿ ಕೆಲವೇ ದಿನಗಳೊಳಗೆ ಜಾಗೃತವಾಗುತ್ತವೆ. ಮರಿಯ ಯಕೃತ್ತಿನ ಜೀವಕೋಶಗಳನ್ನು ಬೇರ್ಪಡಿಸಿ ಅಮೆರಿಕೆಯ ಅಲನ್ ಗುಡ್ರಿಜ್ ನಡೆಸಿದ ಸಂಶೋಧನೆಗಳು ಇದರ ಮರ್ಮವನ್ನು ತಿಳಿಸಿವೆ: ಟಿ3 ಮ್ಯಾಲಿಕ್ ಕಿಣ್ವದ ವಂಶವಾಹಿಯನ್ನು ಪ್ರಚೋದಿಸುತ್ತದೆ, ಇನ್ಸುಲಿನ್ ಆ ಪ್ರಚೋದನೆಯನ್ನು ವೃದ್ಧಿಗೊಳಿಸುತ್ತದೆ, ಉಪವಾಸದ ಹಾರ್ಮೋನಾದ ಗ್ಲುಕಗಾನ್ ಅದನ್ನು ತಡೆಯುತ್ತದೆ. ಮೇವಿನಲ್ಲಿ ಪ್ರೋಟೀನು ಹೆಚ್ಚಾದರೆ ಕೊಬ್ಬಿನ ನಿರ್ಮಾಣ ತಗ್ಗುವುದು. ಪ್ರೋಟೀನು ಕಡಮೆಯಾಗಿ ಪಿಷ್ಟ ಮಿಕ್ಕರೆ ಏರುವುದು. ಅಂಗಡಿಯವನು ಕೋಳಿಯನ್ನು ಸ್ವಚ್ಛಗೊಳಿಸುವಾಗ ಹೊಟ್ಟೆಯಿಂದ ಕಿತ್ತೆಸೆಯುವ ಹಳದಿ ಕೊಬ್ಬಿನ ಉಂಡೆಯನ್ನು ಗೃಹಿಣಿಯರೆಲ್ಲರೂ ಕಂಡಿದ್ದಾರೆ. ಮೆಕ್ಕೆಜೋಳವೆಷ್ಟು, ಸೋಯಾ ಹಿಂಡಿಯೆಷ್ಟು ಎಂಬ ಫಾರಂನ ಲೆಕ್ಕವೂ ಆ ಉಂಡೆಯ ಗಾತ್ರದಲ್ಲಿ ಸೇರಿದೆ. ಅದರ ಬಣ್ಣ ಕೂಡ ಬಹುಮಟ್ಟಿಗೆ ಮೆಕ್ಕೆಜೋಳದ ಕೊಡುಗೆ.

ವಂಶವಾಹಿಯವರೆಗೂ ಕೈಚಾಚಬಲ್ಲ ಈ ಮೇವಿನ ವಿಷಯದಲ್ಲಿಯೇ ನಾವು ಮೌನವಾಗಿರುವುದು ನನಗೆ ತೀವ್ರ ವ್ಯಥೆಯನ್ನುಂಟುಮಾಡುತ್ತದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ರಾಜಧಾನಿ ಪ್ರದೇಶದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇಕಡ 40ರಲ್ಲಿ ಆ್ಯಂಟಿಬಯಾಟಿಕ್ ಶೇಷಗಳು ಕಂಡುಬಂದವು. ಬೇರೆ ಔಷಧಗಳು ಸೋತಾಗ ಮನುಷ್ಯನ ಪ್ರಾಣರಕ್ಷಣೆಗೆ ಕಟ್ಟಕಡೆಯದಾಗಿ ಉಳಿಯುವ ಕೊಲಿಸ್ಟಿನ್ ಎಂಬ ಔಷಧವನ್ನೇ ಕೋಳಿಯ ತೂಕ ಹೆಚ್ಚಿಸಲು ಮೇವಿನಲ್ಲಿ ಬೆರೆಸುತ್ತಿದ್ದುದರಿಂದ, ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಬೇಕಾಯಿತು. ಹಾರ್ಮೋನಿನ ಕಥೆಯನ್ನು ಊರೆಲ್ಲ ಹರಡಿದ ಜನ ಈ ಸಂಗತಿಯನ್ನು ತಿರುಗಿಯೂ ನೋಡಲಿಲ್ಲ. ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ಫಾರಂನಲ್ಲಿ ಹುಟ್ಟಿದರೆ ಅವು ಫಾರಂನಲ್ಲಿಯೇ ನಿಲ್ಲುವುದಿಲ್ಲ. ಹಿಕ್ಕೆಯ ಮೂಲಕ, ಕೆಲಸಗಾರರ ಕೈಗಳ ಮೂಲಕ, ಹಸಿ ಮಾಂಸದ ಮೂಲಕ ಕೋಳಿ ತಿನ್ನದವರ ಮನೆಯನ್ನೂ ತಲುಪಬಲ್ಲವು.

ವದಂತಿಯ ಬೆಲೆಯನ್ನು ತೆರುವವರು ಯಾರೆಂಬುದನ್ನು 2020ರ ಆರಂಭದಲ್ಲಿ ಕಂಡಿದ್ದೇವೆ. ಕೋಳಿಯಿಂದ ಕೊರೊನಾ ಹರಡುವುದೆಂಬ ಸುಳ್ಳು ಹಬ್ಬಿ ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ದರ ಕುಸಿದಾಗ, ನಷ್ಟವನ್ನು ಹೊತ್ತವನು ಸಾಲಮಾಡಿ ಶೆಡ್ಡು ಕಟ್ಟಿದ ರೈತ. ಇಂಜೆಕ್ಷನ್ನಿನ ಅಪವಾದವೂ ಪ್ರಾಮಾಣಿಕನನ್ನೂ ಅಪ್ರಾಮಾಣಿಕನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಔಷಧವಿಲ್ಲದೆ ಶುಚಿಯಾಗಿ ಸಾಕಿದವನಿಗೆ ಅದರಿಂದ ಮನ್ನಣೆಯಿಲ್ಲ. ಮೇವಿನಲ್ಲಿ ಔಷಧ ಬೆರೆಸಿದವನಿಗೆ ದಂಡನೆಯೂ ಇಲ್ಲ.

ನಿಯಮಗಳು ಇಲ್ಲವೆನ್ನುವಂತಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವು ಮಾಂಸದಲ್ಲಿ ಔಷಧಶೇಷದ ಮಿತಿಗಳನ್ನು ಗೊತ್ತುಪಡಿಸಿದೆ. ಪರೇಲ್‌ನಲ್ಲಿ 1886ರಲ್ಲಿ ಸ್ಥಾಪಿತವಾದ ಪಶುವೈದ್ಯ ಮಹಾವಿದ್ಯಾಲಯವಿದೆ. ಗೋರೆಗಾಂವಿನ ಆರೆಯಲ್ಲಿ ಕೇಂದ್ರ ಸರ್ಕಾರದ ಕೋಳಿಸಾಕಣೆ ಅಭಿವೃದ್ಧಿ ಸಂಸ್ಥೆಯಿದೆ. ಇಷ್ಟು ವಿದ್ಯಾಸಂಪತ್ತು ನಗರದ ಸೀಮೆಯೊಳಗೇ ಇರುವಾಗ, ಕ್ರಾಫರ್ಡ್ ಮಾರುಕಟ್ಟೆಯಿಂದ ಬೋರಿವಲಿಯ ಗಲ್ಲಿಯವರೆಗೆ ಮಾರಾಟವಾಗುವ ಮಾಂಸದ ಮಾದರಿಗಳನ್ನು ನಿಯತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಮರಾಠಿ, ಕನ್ನಡ, ಹಿಂದಿ, ಗುಜರಾತಿ ಪತ್ರಿಕೆಗಳಲ್ಲಿ ಪ್ರತಿ ತಿಂಗಳೂ ಪ್ರಕಟಿಸುವುದು ಅಸಾಧ್ಯವಾದ ಕಾರ್ಯವಲ್ಲ. ಮೇವಿನ ಪ್ರತಿ ಚೀಲದ ಮೇಲೆಯೂ ಅದರಲ್ಲಿ ಬೆರೆತ ಔಷಧದ ಹೆಸರನ್ನೂ ಪ್ರಮಾಣವನ್ನೂ ರೈತನ ಭಾಷೆಯಲ್ಲಿ ಮುದ್ರಿಸತಕ್ಕದ್ದು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಕೋಳಿಯನ್ನು ಮಾರಬಾರದೆಂಬುದನ್ನೂ ಅಲ್ಲಿಯೇ ತಿಳಿಸತಕ್ಕದ್ದು.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹಾರ್ಮೋನಿನ ಮಾತನ್ನು ಇಂದಿಗೆ ಕೈಬಿಡಿ. ಈ ಕೋಳಿ ಯಾವ ಫಾರಂನಿಂದ ಬಂತು, ಅದರ ಮೇವಿನಲ್ಲಿ ಏನಿತ್ತು, ಔಷಧ ಕೊಟ್ಟಿದ್ದರೆ ಎಂದು ನಿಲ್ಲಿಸಿದರು ಎಂದು ಅಂಗಡಿಯಲ್ಲಿ ಕೇಳಿ. ಉತ್ತರ ದೊರೆಯದಿದ್ದರೆ ಅದೇ ಪ್ರಶ್ನೆಯನ್ನು ಬರೆದು ನಿಮ್ಮ ವಾರ್ಡಿನ ನಗರಸೇವಕರಿಗೂ ರಾಜ್ಯದ ಆಹಾರ ಮತ್ತು ಔಷಧ ಆಡಳಿತಕ್ಕೂ ಕಳುಹಿಸಿ.